ದಾರಿಯಮ್ಮನ ಎರಡು ಬೋರ್ಡುಗಳು

ರಕ್ತ ಪರೀಕ್ಷೆ ಮಾಡುವ ಆ ಲ್ಯಾಬಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಗೇಟಿನ ವಾಚ್‌ಮನ್, "ನೀವು ಇಲ್ಲಿ ಏನ್ ಮಾಡ್ತೀರಿ ಮೇಡಂ? ಬಿಳಿ ಕೋಟು ಹಾಕಲ್ಲ, ಸೂಜಿ ಹಿಡಿಯಲ್ಲ" ಎಂದು ಕೇಳಿದ್ದ. ಅವನಿಗೆ ಅರ್ಥವಾಗುವ ಹಾಗೆ ಹೇಳೋಣವೆಂದು ಅವಳು, "ರಿಪೋರ್ಟುಗಳು ಹೊರಗೆ ಹೋಗೋದಕ್ಕೆ ದಾರಿ ಮಾಡಿಕೊಡ್ತೀನಿ" ಎಂದಿದ್ದಳು. ಅಂದಿನಿಂದ ಅವಳು ದಾರಿಯಮ್ಮ. ವಾಚ್‌ಮನ್ ಬಾಯಿಂದ ನರ್ಸುಗಳ ಬಾಯಿಗೆ, ಅಲ್ಲಿಂದ ದೊಡ್ಡ ಡಾಕ್ಟರ ಬಾಯಿಗೆ ದಾಟಿ ಆ ಹೆಸರೇ ಗಟ್ಟಿಯಾಯಿತು. ಅವಳಿಗೂ ಅದು ಒಳಗೊಳಗೇ ಇಷ್ಟವಿತ್ತು.

ನಲವತ್ತು ದಾಟಿದ ಹೆಂಗಸು. ಹೆಗಲಿಗೆ ಸದಾ ಒಂದು ದಪ್ಪ ಚೀಲ. ಅದರೊಳಗೆ ಎಲ್ಲವೂ ಜೋಡಿ ಜೋಡಿ: ಎರಡು ಪೆನ್ನು, ಎರಡು ಟಾರ್ಚು, ಎರಡು ಕನ್ನಡಕ, ಮಳೆಗಾಲದಲ್ಲಿ ಎರಡು ಛತ್ರಿ. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎನ್ನುವ ಸ್ವಭಾವ. ಮದುವೆ ಯಾಕೆ ಆಗಲಿಲ್ಲ ಎಂದು ಕೆದಕಿದವರಿಗೆ, "ಎರಡು ಇಟ್ಕೊಳ್ಳೋಕೆ ಬಿಡಲ್ಲವಲ್ಲ, ಅದಕ್ಕೇ ಒಂದೂ ಬೇಡ ಅಂದೆ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಇಷ್ಟೆಲ್ಲ ಮುನ್ನೆಚ್ಚರಿಕೆಯ ಹೆಂಗಸಿಗೇ ಮುಂದೆ ಹೀಗಾಯಿತಲ್ಲ ಎನ್ನುವುದನ್ನು ನನಗೆ ಈಗಲೂ ನಂಬಲಾಗುವುದಿಲ್ಲ.

ಲ್ಯಾಬಿಗೆ ಎರಡು ಕಟ್ಟಡ. ರೈಲು ಹಳಿಯ ಈಚೆಗೆ, ಅಂಗಡಿ ಸಾಲಿನ ನಡುವೆ ಪೇಟೆ ಕಟ್ಟಡ. ರಕ್ತ ತೆಗೆಯುವುದು, ಹಣ ಕಟ್ಟಿಸಿಕೊಳ್ಳುವುದು, ರಿಪೋರ್ಟು ಕೊಡುವುದು ಅಲ್ಲಿ. ಹಳಿಯ ಆಚೆಗೆ, ಏರಿನ ಮೇಲೆ ಗುಡ್ಡದ ಕಟ್ಟಡ, ಯಂತ್ರಗಳಿರುವುದು ಅಲ್ಲಿ. ಎರಡರ ನಡುವೆ ಒಂದು ಮೇಲ್ಸೇತುವೆ. ರಕ್ತದ ಸೀಸೆಗಳು ಬೈಕಿನ ಮೇಲೆ ಸೇತುವೆ ದಾಟುತ್ತವೆ, ಫಲಿತಾಂಶಗಳು ತಂತಿಯ ಮೇಲೆ ವಾಪಸು ಬಂದು ಅಲ್ಲಿಂದ ಆಸ್ಪತ್ರೆಗಳಿಗೆ ಹೋಗುತ್ತವೆ. ಆಸ್ಪತ್ರೆಯಲ್ಲಿ ಯಾರೋ ಆಪರೇಷನ್ ಮೇಜಿನ ಮೇಲೆ ಮಲಗಿರುತ್ತಾರೆ, ಡಾಕ್ಟರು ಆ ಅಂಕಿಗಾಗಿ ಕಾಯುತ್ತಿರುತ್ತಾರೆ. ಅದು ತಡವಾಗಬಾರದು. ದಾರಿಯಮ್ಮನಿಗೆ ಸಂಬಳ ಕೊಡುತ್ತಿದ್ದದ್ದು ಅದಕ್ಕೇ.

ಅವಳು ಮಾಡಿದ್ದ ವ್ಯವಸ್ಥೆ ಹೇಳಿದರೆ ಸರಳ. ಎರಡೂ ಕಟ್ಟಡಕ್ಕೆ ಬೇರೆ ಬೇರೆ ಕಂಪನಿಯ ಇಂಟರ್ನೆಟ್ ಲೈನು. ಎರಡು ಕಟ್ಟಡಗಳ ನಡುವೆ ಲ್ಯಾಬಿನದೇ ಸ್ವಂತ ಕೇಬಲ್ಲು. ಒಂದೊಂದು ಕಟ್ಟಡದಲ್ಲೂ ದಾರಿ ತೋರಿಸುವ ಒಂದು ಪೆಟ್ಟಿಗೆ, ರೂಟರ್ ಅನ್ನುತ್ತಾರೆ. ಪೇಟೆಯ ಪೆಟ್ಟಿಗೆಗೆ ಅವಳು ಕಲಿಸಿದ್ದು ಇಷ್ಟು: ನಿನ್ನ ಲೈನು ಸತ್ತರೆ ಗಾಬರಿಯಾಗಬೇಡ, ಕೈಯಲ್ಲಿರುವುದನ್ನೆಲ್ಲ ಗುಡ್ಡಕ್ಕೆ ಕೊಡು, ಅವರು ಹೊರಗೆ ಕಳಿಸುತ್ತಾರೆ. ಗುಡ್ಡದ ಪೆಟ್ಟಿಗೆಗೂ ಅದೇ ಪಾಠ, ದಿಕ್ಕು ಮಾತ್ರ ತಿರುವುಮುರುವು.

ಮೊದಮೊದಲು ಪ್ರತಿ ಸೋಮವಾರ ಬೆಳಿಗ್ಗೆ ಒಂದು ಶಾಸ್ತ್ರ ನಡೆಯುತ್ತಿತ್ತು. ಅವಳು ಬೇಕೆಂದೇ ಒಂದು ಕಟ್ಟಡದ ಲೈನು ಕಿತ್ತು, ಆಮೇಲೆ ಫೋನ್ ಮಾಡಿ "ನಡೀತಾ ಇದೆಯಾ?" ಎಂದು ಕೇಳುತ್ತಿದ್ದಳು. ಅತ್ತ ಕಡೆಯಿಂದ "ಯಾಕೆ, ಏನಾಗಬೇಕಿತ್ತು?" ಎಂಬ ಉತ್ತರ ಬರುತ್ತಿತ್ತು. ಪ್ರತಿ ಸಲವೂ ಅದೇ ಉತ್ತರ. ಕಡೆಗೆ ಅವಳಿಗೇ ನಾಚಿಕೆಯಾಗಿ ಆ ಶಾಸ್ತ್ರ ಬಿಟ್ಟುಬಿಟ್ಟಳು. ಯಾವತ್ತೂ ತಪ್ಪದ ಪರೀಕ್ಷೆಯನ್ನು ಎಷ್ಟು ದಿನ ಅಂತ ಮಾಡುವುದು?

ಇನ್ನು ಅವಳ ಅಪ್ಪನ ವಿಷಯ.

ಅಪ್ಪ ಬೋರ್ಡು ಬರೆಯುತ್ತಿದ್ದವನು. ಅಂಗಡಿ, ಶಾಲೆ, ದವಾಖಾನೆ, ಲಾರಿಯ ಹಿಂಭಾಗ, ಎಲ್ಲೆಲ್ಲೂ ಅವನ ಅಕ್ಷರ. ಕೆಂಪು ಅಕ್ಷರಕ್ಕೆ ಹಳದಿ ನೆರಳು ಕೊಟ್ಟರೆ ಅದು ಹಲಗೆಯಿಂದ ಎದ್ದು ಬಂದಂತೆ ಕಾಣುತ್ತಿತ್ತು. ಮನುಷ್ಯರ ಮಾತಿಗಿಂತ ಬೋರ್ಡಿನ ಮಾತನ್ನೇ ಅವನು ಹೆಚ್ಚು ನಂಬುತ್ತಿದ್ದ. "ಬಾಯಲ್ಲಿ ಹೇಳಿದ್ದನ್ನ ನಾಳೆ ಇಲ್ಲ ಅಂತಾರೆ. ಬೋರ್ಡಿನ ಮೇಲೆ ಬರೆಸಿದ್ದನ್ನ ಯಾರು ಇಲ್ಲ ಅಂತಾರೆ?" ಎನ್ನುತ್ತಿದ್ದ. ಅಂಗಡಿಯವನು ಎದುರಿಗೇ ನಿಂತು ಕರೆದರೂ 'ಮುಚ್ಚಿದೆ' ಎಂಬ ಬೋರ್ಡು ತೂಗುತ್ತಿದ್ದರೆ ಒಳಗೆ ಕಾಲಿಡುತ್ತಿರಲಿಲ್ಲ. ದಾರಿಯಮ್ಮ, ಅವಳ ಅಕ್ಕ, ಇಬ್ಬರೂ ಇದನ್ನು ಹೇಳಿಕೊಂಡು ನಗುತ್ತಾ ಬೆಳೆದವರು.

ಅಮ್ಮ ಹೋದ ಮೇಲೆ ಅವನಿಗೆ ಮರೆವು ಹತ್ತಿತು. ಮೊದಲು ಚಿಲ್ಲರೆ ಮರೆತ, ಆಮೇಲೆ ಬೀಗದ ಕೈ, ಆಮೇಲೆ ಊಟ ಮಾಡಿದ್ದು. ಕೊಟ್ಟ ಬೀಗದ ಕೈಗಳನ್ನೆಲ್ಲ ಕಳೆದ. ಫೋನ್ ಕೊಟ್ಟರೆ ಕುಂಚಗಳ ಡಬ್ಬಿಯಲ್ಲಿಟ್ಟು ಹೊರಡುತ್ತಿದ್ದ. ಅಕ್ಷರ ಮಾತ್ರ ಒಂದೂ ಮರೆತಿರಲಿಲ್ಲ. ಅವನು ದಿಕ್ಕೆಟ್ಟು ಬೀದಿಯಲ್ಲಿ ಉಳಿದುಬಿಟ್ಟರೆ ಏನು ಗತಿ ಎನ್ನುವುದೊಂದೇ ದಾರಿಯಮ್ಮನ ಎದೆಯಲ್ಲಿ ಸದಾ ಕೂತಿದ್ದ ಭಯ. ಕಟ್ಟಿಹಾಕಿಡುವ ಹಾಗಿರಲಿಲ್ಲ, ನಡೆಯದಿದ್ದರೆ ಅವನು ಕಂಗೆಡುತ್ತಿದ್ದ.

ಅಪ್ಪ ಇದ್ದದ್ದು ದಾರಿಯಮ್ಮನ ಮನೆಯಲ್ಲಿ, ಹಳಿಯ ಈಚೆಗೆ. ಅಕ್ಕನ ಮನೆ ಹಳಿಯ ಆಚೆಗೆ. ಅಕ್ಕ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಭಾವ ಲಾರಿ ಹತ್ತಿದರೆ ವಾರಗಟ್ಟಲೆ ಮುಖ ತೋರಿಸುತ್ತಿರಲಿಲ್ಲ. ಅಕ್ಕತಂಗಿಯರು ರಜೆಯ ದಿನಗಳನ್ನು ಹಂಚಿಕೊಂಡಿದ್ದರು. ಇವಳು ಕೆಲಸಕ್ಕೆ ಹೋದ ದಿನ ಅವಳು ಮನೆಯಲ್ಲಿ, ಅವಳು ಹೋದ ದಿನ ಇವಳು. ಅಪ್ಪನ ಕಾಲಿಗೆ ಆ ದಾರಿ ಗೊತ್ತಿತ್ತು. ಯಾವ ದಿನ ಎಲ್ಲಿಗೆ ಎನ್ನುವುದು ಮಾತ್ರ ತಲೆಗೆ ಗೊತ್ತಿರಲಿಲ್ಲ. ದಿನಾ ಬೆಳಿಗ್ಗೆ ಅಕ್ಕತಂಗಿಯರು ಫೋನ್ ಮಾಡಿ "ಇವತ್ತು ನೀನಾ ನಾನಾ?" ಎಂದು ಕೇಳಿಕೊಂಡು, ಆಮೇಲೆ ಅವನಿಗೆ ನೂರು ಸಲ ಹೇಳಿ ಕಳಿಸಬೇಕಿತ್ತು.

ದಾರಿಯಮ್ಮನಿಗೆ ಉಪಾಯ ಹೊಳೆದದ್ದು ಲ್ಯಾಬಿನಲ್ಲಿ ಪೆಟ್ಟಿಗೆಯ ಮುಂದೆ ಕೂತಿದ್ದಾಗ. ಅವತ್ತು ಸಂಜೆಯೇ ಎರಡು ಹಲಗೆ ತಂದು ಅಪ್ಪನ ಮುಂದೆ ಇಟ್ಟಳು.

"ಒಂದರಲ್ಲಿ, ಇಲ್ಲಿ ಯಾರೂ ಇಲ್ಲ, ದೊಡ್ಡ ಮಗಳ ಮನೆಗೆ ಹೋಗು ಅಂತ ಬರಿ. ಇನ್ನೊಂದರಲ್ಲಿ ಚಿಕ್ಕ ಮಗಳ ಮನೆಗೆ ಹೋಗು ಅಂತ."

"ಹೋಗು ಅಂತ ಬರೀಬಾರದು" ಅಂದ ಅಪ್ಪ. "ಬೋರ್ಡು ಯಾರನ್ನೂ ಏಕವಚನದಲ್ಲಿ ಮಾತಾಡಿಸಬಾರದು. ಹೋಗಿ. ದಯವಿಟ್ಟು ಹೋಗಿ."

ಅಕ್ಕ ಬಂದು ನೋಡಿ ನಕ್ಕಳು. "ಇಲ್ಲಿ ಯಾರೂ ಇಲ್ಲ ಅಂತ ಬಾಗಿಲಿಗೇ ತೂಗುಹಾಕಿದ್ರೆ ಕಳ್ಳರಿಗೆ ಬನ್ನಿ ಅಂತ ಕರೆದ ಹಾಗಲ್ವೇನೇ?"

"ನಿನ್ನ ಮನೇಲಿ ಏನಿದೆ ಅಂತ ಬರ್ತಾರೆ? ಭಾವನ ಹಳೇ ಟೈರು ತಾನೆ" ಅಂದಳು ತಂಗಿ.

ಅಪ್ಪ ಎರಡು ದಿನ ಕೂತು ಬರೆದ. ಕೆಂಪು ಅಕ್ಷರ, ಹಳದಿ ನೆರಳು. ಮನೆಯಿಂದ ಹೊರಡುವವರು ಬೋರ್ಡು ತೂಗುಹಾಕಿ ಹೋಗುವುದು, ಬಂದವರು ತೆಗೆದು ಒಳಗಿಡುವುದು, ಇಷ್ಟೇ ನಿಯಮ. ಎಷ್ಟು ಚೆನ್ನಾಗಿ ನಡೆಯಿತೆಂದರೆ ಅಪ್ಪ ವಾಯುವಿಹಾರ ಮುಗಿಸಿ ಬಂದು ಬೋರ್ಡು ಕಂಡರೆ ಗೊಣಗದೆ ತಿರುಗಿ ಸೇತುವೆ ಹತ್ತುತ್ತಿದ್ದ. ಅಲ್ಲಿ ಬಾಗಿಲು ತೆರೆದಿರುತ್ತಿತ್ತು. ದಿನ ಕಳೆದಂತೆ ಅಕ್ಕತಂಗಿಯರ ಬೆಳಗಿನ ಫೋನೂ ನಿಂತಿತು. ಯಾಕೆ ಬೇಕು? ಈ ಬಾಗಿಲಿಲ್ಲದಿದ್ದರೆ ಆ ಬಾಗಿಲು ಇದ್ದೇ ಇತ್ತಲ್ಲ.

ಆ ದಿನ ರಜೆ ದಾರಿಯಮ್ಮನದು. ಅಪ್ಪ ಬೆಳಗಿನ ನಡಿಗೆಗೆ ಹೋಗಿದ್ದ. ಅವಳು ಬಟ್ಟೆ ಒಣಹಾಕುತ್ತಿದ್ದಾಗ ದೊಡ್ಡ ಡಾಕ್ಟರ ಫೋನ್ ಬಂತು.

"ದಾರಿಯಮ್ಮ, ಎಲ್ಲ ನಿಂತುಹೋಗಿದೆ. ಎರಡೂ ಕಡೆ. ಆಸ್ಪತ್ರೆಯವರು ಬಾಯಿ ಬಡ್ಕೋತಾ ಇದ್ದಾರೆ. ಬೇಗ ಬನ್ನಿ."

ಎರಡೂ ಕಡೆ ನಿಲ್ಲುವುದಕ್ಕೆ ಸಾಧ್ಯವೇ ಇಲ್ಲ ಎಂದುಕೊಂಡೇ ಅವಳು ಚೀಲ ಏರಿಸಿದಳು. ಬಾಗಿಲಿಗೆ ಬೀಗ ಹಾಕಿದಳು. ಬೋರ್ಡು ತೂಗುಹಾಕಿದಳು. ಅಪ್ಪ ಬಂದರೆ ಅಕ್ಕನ ಮನೆಗೆ ಹೋಗುತ್ತಾನೆ. ಅಕ್ಕ ಅಲ್ಲಿಲ್ಲದೆ ಎಲ್ಲಿಗೆ ಹೋಗುತ್ತಾಳೆ, ಮಧ್ಯಾಹ್ನದ ಪಾಳಿಯಲ್ಲವೇ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಆಟೋ ಹಿಡಿದಳು. ಆದರೆ ಕನ್ನಡಕದ ಅಂಗಡಿಯ ಕೆಲಸದವರೊಬ್ಬರು ಜ್ವರವೆಂದು ಬಾರದ್ದರಿಂದ ಅಕ್ಕನನ್ನು ಬೆಳಿಗ್ಗೆಯೇ ಕರೆಸಿಕೊಂಡಿದ್ದರು. ತಂಗಿಗೆ ರಜೆ, ಅಪ್ಪ ಅಲ್ಲೇ ಇರುತ್ತಾನೆ ಎಂದುಕೊಂಡು ಅವಳೂ ಬೋರ್ಡು ತೂಗುಹಾಕಿ ಹೊರಟಿದ್ದಳು. ಇಬ್ಬರೂ ಜವಾಬ್ದಾರಿಯ ಹೆಣ್ಣುಮಕ್ಕಳು. ಇಬ್ಬರೂ ಬೋರ್ಡು ನೇರವಾಗಿ ತೂಗುತ್ತಿದೆಯೇ ಎಂದು ತಿರುಗಿ ನೋಡಿಯೇ ಹೋದವರು.

ಪೇಟೆ ಕಟ್ಟಡದ ಕೋಣೆಯಲ್ಲಿ ದಾರಿಯಮ್ಮ ಕಂಪ್ಯೂಟರ್ ಮುಂದೆ ಕೂತಳು. ಹೊರಗೆ ಕಳಿಸಿದ ಒಂದು ಪ್ಯಾಕೆಟ್ಟು, ಅಂದರೆ ಮಾಹಿತಿಯ ಒಂದು ತುಣುಕು, ಯಾವ ಯಾವ ಪೆಟ್ಟಿಗೆ ಹೊಕ್ಕು ಹೊರಡುತ್ತದೆಂದು ನೋಡುವ ಉಪಾಯವೊಂದಿದೆ. ಅದು ಹಾದುಹೋದ ಜಾಗಗಳ ಹೆಸರು ಪರದೆಯ ಮೇಲೆ ಸಾಲಾಗಿ ಇಳಿಯುತ್ತದೆ. ಅವಳು ಒಂದನ್ನು ಕಳಿಸಿ ಕಾದಳು. ಪೇಟೆ ಎಂದು ಬಂತು. ಗುಡ್ಡ ಎಂದು ಬಂತು. ಆಮೇಲೆ ಹೊರಗಿನ ಹೆಸರು ಬರಬೇಕಿತ್ತು. ಮತ್ತೆ ಪೇಟೆ ಎಂದು ಬಂತು. ಮತ್ತೆ ಗುಡ್ಡ. ಪೇಟೆ. ಗುಡ್ಡ. ಪೇಟೆ. ಗುಡ್ಡ. ಸದ್ದಿಲ್ಲದೆ ಸಾಲುಗಳು ಕೆಳಗಿಳಿಯುತ್ತಲೇ ಇದ್ದವು. ಅವಳು ಕೈ ಮಡಿಲಲ್ಲಿಟ್ಟುಕೊಂಡು ನೋಡುತ್ತಾ ಕೂತಳು. ಎ.ಸಿ. ಹಾಕಿದ ಕೋಣೆ ತಣ್ಣಗಿತ್ತು. ಅವಳ ಕುತ್ತಿಗೆಯ ಹಿಂದೆ ಬೆವರಿತ್ತು.

ಏನಾಗಿದೆಯೆಂದು ಅವಳಿಗೆ ತಿಳಿಯಲು ಹೊತ್ತಾಗಲಿಲ್ಲ. ಗುಡ್ಡದ ಲೈನನ್ನು ಅವತ್ತು ಬೆಳಿಗ್ಗೆ ರಸ್ತೆ ಅಗೆಯುವವರು ಕಡಿದಿದ್ದರು. ಗುಡ್ಡದ ಪೆಟ್ಟಿಗೆ ಕಲಿತ ಪಾಠದಂತೆ ಎಲ್ಲವನ್ನೂ ಪೇಟೆಗೆ ಕೊಡುತ್ತಿತ್ತು. ಪೇಟೆಯ ಪೆಟ್ಟಿಗೆ ಅದನ್ನು ಹಾಗೇ ಗುಡ್ಡಕ್ಕೆ ಹಿಂತಿರುಗಿಸುತ್ತಿತ್ತು. ನನ್ನಲ್ಲಿ ದಾರಿಯಿಲ್ಲ, ಅವರಲ್ಲಿದೆ, ಹೋಗಿ. ನನ್ನಲ್ಲೂ ಇಲ್ಲ, ಅವರಲ್ಲಿದೆ, ಹೋಗಿ. ಜಗಳವಿಲ್ಲ, ದೂರಿಲ್ಲ, ಬಲು ವಿನಯದಿಂದ. ಇಂಥ ಸುತ್ತಾಟ ಕೊನೆಯಿಲ್ಲದೆ ನಡೆಯಬಾರದೆಂದು ಪ್ರತಿ ಪ್ಯಾಕೆಟ್ಟಿಗೂ ಒಂದು ಆಯಸ್ಸು ಕಟ್ಟಿ ಕಳಿಸಿರುತ್ತಾರೆ. ಒಂದೊಂದು ಪೆಟ್ಟಿಗೆ ದಾಟಿದಾಗಲೂ ಅದು ಒಂದಿಷ್ಟು ಸವೆಯುತ್ತದೆ. ಸವೆದು ಮುಗಿದಾಗ ಎಲ್ಲಿದೆಯೋ ಅಲ್ಲೇ ಬಿದ್ದುಹೋಗುತ್ತದೆ, ಅದನ್ನು ಹುಡುಕಿಕೊಂಡು ಯಾರೂ ಹೋಗುವುದಿಲ್ಲ.

ಹಾಗಾದರೆ ಪೇಟೆಯ ಲೈನಿಗೆ ಏನಾಗಿದೆ? ಬಗ್ಗಿ ಮೇಜಿನ ಕೆಳಗೆ ಟಾರ್ಚು ಬಿಟ್ಟಳು. ಕಂಪನಿಯವರು ಕೂರಿಸಿದ ಡಬ್ಬಿಯಲ್ಲಿ ಕೆಂಪು ದೀಪ ಉರಿಯುತ್ತಿತ್ತು, ಅದರ ಮೇಲೆ ಬೆರಳಲ್ಲಿ ಬರೆಯುವಷ್ಟು ಧೂಳು. ಆ ಲೈನು ಸತ್ತು ತಿಂಗಳುಗಳೇ ಆಗಿದ್ದವು. ಇಷ್ಟು ದಿನವೂ ಪೇಟೆಯ ಕೆಲಸವೆಲ್ಲ ಮಾತಿಲ್ಲದೆ ಗುಡ್ಡದ ಮೂಲಕ ಹೋಗುತ್ತಿತ್ತು. ಜನ ಬಂದರು, ರಕ್ತ ಕೊಟ್ಟರು, ರಿಪೋರ್ಟು ಹಿಡಿದು ಹೋದರು. ಸತ್ತದ್ದು ಕಾಲ ಬುಡದಲ್ಲೇ ಇದ್ದರೂ ಒಬ್ಬರಿಗೂ ವಾಸನೆ ಹತ್ತಲಿಲ್ಲ.

ಚೀಲದಲ್ಲಿದ್ದ ಸಿಮ್ ಹಾಕುವ ಸಾಧನವೊಂದನ್ನು ಪೇಟೆಯ ಪೆಟ್ಟಿಗೆಗೆ ಸಿಕ್ಕಿಸಿ ತುರ್ತಿನ ರಿಪೋರ್ಟುಗಳನ್ನು ಹೊರಗೆ ಬಿಟ್ಟಳು. ಆಮೇಲೆ ಗುಡ್ಡದ ಪೆಟ್ಟಿಗೆಯನ್ನು ಸರಿಪಡಿಸಲು ಲ್ಯಾಬಿನ ವ್ಯಾನ್ ಹತ್ತಿದಳು. ಮೇಲ್ಸೇತುವೆಯ ಮೇಲೆ ವಾಹನಗಳು ನಿಂತುಕೊಂಡಿದ್ದವು. ಕಿಟಕಿಯ ಪಕ್ಕದಲ್ಲೇ ಕಾಲುದಾರಿಯಲ್ಲಿ ಒಬ್ಬ ಮುದುಕ ಇವಳಿಗೆ ಬೆನ್ನು ಹಾಕಿ ಬಿಸಿಲಲ್ಲಿ ಬಿರಬಿರನೆ ಹೋಗುತ್ತಿದ್ದ. ಒಂದು ಚಪ್ಪಲಿಯ ಪಟ್ಟಿ ಕಿತ್ತಿತ್ತೇನೋ, ಅದನ್ನು ಕೈಯಲ್ಲಿ ಹಿಡಿದಿದ್ದ. ಯಾರ ಮನೆಯ ಹಿರಿಯರೋ, ಈ ವಯಸ್ಸಿನಲ್ಲೂ ಎಷ್ಟು ಗಟ್ಟಿ ಎಂದುಕೊಂಡಳು. ಮನೆಯಲ್ಲಿ ಅವಳ ಅಪ್ಪ ಕಾಲೆಳೆದುಕೊಂಡು ನಡೆಯುತ್ತಿದ್ದ. ಈ ಮನುಷ್ಯ ಮಾಡಲು ಕೆಲಸವಿದ್ದವನಂತೆ ನಡೆಯುತ್ತಿದ್ದ. ವಾಹನಗಳು ಸರಿದವು, ಅವಳು ಮುಂದೆ ಹೋದಳು.

ಗುಡ್ಡದಲ್ಲಿ ಕೂತು ಎರಡೂ ಪೆಟ್ಟಿಗೆಗಳಿಗೆ ಹೊಸ ಪಾಠ ಹೇಳಿಕೊಟ್ಟಳು: ಯಾರು ನಿನ್ನ ಕೈಗೆ ಕೊಟ್ಟರೋ ಅವರ ಕೈಗೇ ತಿರುಗಿ ಕೊಡಬೇಡ, ದಾರಿಯಿಲ್ಲದಿದ್ದರೆ ಅಲ್ಲೇ ನಿಲ್ಲಿಸು, ನನ್ನನ್ನು ಕೂಗು. ದೊಡ್ಡ ಡಾಕ್ಟರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಳ್ಳೆಯ ಮನುಷ್ಯ, ಬೈಯುವುದು ಅವರಿಗೆ ಬರುತ್ತಿರಲಿಲ್ಲ.

"ಪೇಟೆ ಲೈನು ಅಷ್ಟು ದಿನದಿಂದ ಸತ್ತಿತ್ತು ಅಂತೀರಿ. ಯಾರಿಗೂ ಗೊತ್ತಾಗಲಿಲ್ವಾ?"

"ಎಲ್ಲ ನಡೀತಾ ಇತ್ತಲ್ಲ ಡಾಕ್ಟ್ರೇ. ಈ ಕಡೆ ಇಲ್ಲದಿದ್ರೂ ಆ ಕಡೆ ಇತ್ತಲ್ಲ. ಅದಕ್ಕೇ ಯಾರೂ ಕೇಳಲಿಲ್ಲ."

ಹೇಳಿದ ಮಾತು ಅವಳ ಕಿವಿಗೇ ತಿರುಗಿ ಬಿತ್ತು. ಕೀಬೋರ್ಡಿನ ಮೇಲಿದ್ದ ಕೈ ಹಾಗೇ ನಿಂತಿತು. ಅವಳು ಎದ್ದು ಹೊರಗೆ ಹೋಗಿ ಅಕ್ಕನಿಗೆ ಫೋನ್ ಮಾಡಿದಳು.

"ಅಪ್ಪ ಊಟ ಮಾಡಿದ್ನಾ?"

"ಅದನ್ನ ನಾನು ನಿನ್ನ ಕೇಳ್ಬೇಕು" ಅಂದಳು ಅಕ್ಕ. ಹಿಂದೆ ಯಾರೋ ಗಿರಾಕಿ ಕಣ್ಣು ಪರೀಕ್ಷೆಯ ಅಕ್ಷರಗಳನ್ನು ಗಟ್ಟಿಯಾಗಿ ಓದುತ್ತಿದ್ದರು. "ಇವತ್ತು ನಿಂಗೆ ರಜೆ ಅಲ್ವಾ? ನಾನು ಬೆಳಿಗ್ಗೆಯಿಂದ ಅಂಗಡೀಲಿದ್ದೀನಿ."

ತಾನೂ ಬೆಳಿಗ್ಗೆಯಿಂದ ಲ್ಯಾಬಿನಲ್ಲಿರುವುದನ್ನು ದಾರಿಯಮ್ಮ ಹೇಳಿದಳು. ಆಮೇಲೆ ಅಕ್ಕ ಬಹಳ ಸಣ್ಣ ದನಿಯಲ್ಲಿ, "ಬೋರ್ಡು ಹಾಕಿದ್ಯಾ?" ಎಂದು ಕೇಳಿದಳು.

"ಹಾಕಿದೆ."

"ನಾನೂ ಹಾಕಿದೆ ಕಣೆ."

ದಾರಿಯಮ್ಮ ಮೊದಲು ಓಡಿದ್ದು ಹತ್ತಿರದಲ್ಲಿದ್ದ ಅಕ್ಕನ ಮನೆಗೆ. ಬೀಗ ಹಾಕಿತ್ತು, ಬೋರ್ಡು ತೂಗುತ್ತಿತ್ತು. ಎದುರಿಗಿನ ಇಸ್ತ್ರಿಯವನು ಬಟ್ಟೆಯಿಂದ ತಲೆ ಎತ್ತದೆ, "ಈಗ ತಾನೆ ಬಂದು ಹೋದ್ರು. ಆ ಕಡೆ" ಎಂದು ಸೇತುವೆಯತ್ತ ಕೈ ತೋರಿಸಿದ. ಅವಳು ಆಟೋ ಹತ್ತಿ, ವಾಹನಗಳ ಗದ್ದಲದಲ್ಲಿ ಅವನನ್ನು ಎಲ್ಲೂ ಕಾಣದೆ, ಸೇತುವೆ ದಾಟಿ ತನ್ನ ಬೀದಿಗೆ ಬಂದಳು. ತಿರುವಿನ ಕ್ಷೌರದ ಅಂಗಡಿಯವನು ಅವಳನ್ನು ಕಂಡು ಹೊರಗೇ ಬಂದ. "ಈಗ ತಾನೆ ಬಂದು ಹೋದ್ರು. ಆ ಕಡೆ" ಅಂದ. ಅದೇ ಮಾತು. ಅದೇ ಸೇತುವೆಯತ್ತ ಕೈ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

"ಎಷ್ಟು ಸಲ ಹೋದ್ರು?" ಅಂದಳು.

ಕ್ಷೌರದವನು ಕೈಯಲ್ಲಿದ್ದ ಬಾಚಣಿಗೆ ತಿರುಗಿಸುತ್ತಾ ನಿಂತ. "ಲೆಕ್ಕ ಇಟ್ಟಿಲ್ಲ ಅಕ್ಕ. ಮೊದಲ್ನೇ ಸಲ ಬಂದಾಗ, ನಿಮ್ಮ ಅಂಗಡಿ ಬೋರ್ಡಿನ ಕೆಂಪು ಬಣ್ಣ ಮಾಸಿದೆ, ನಾಳೆ ಬಂದು ಸರಿ ಮಾಡಿಕೊಡ್ತೀನಿ ಅಂದ್ರು. ನಾನೂ ಆಗಲಿ ಯಜಮಾನ್ರೆ ಅಂದೆ. ಆಮೇಲೆ ಆ ಕಡೆಯಿಂದ ಬಂದ್ರು, ಅದೇ ಮಾತು. ಅದೇ ಜಾಗದಲ್ಲಿ ನಿಂತು, ಅದೇ ಥರ ಕಣ್ಣು ಕಿರಿದು ಮಾಡಿ. ನಕ್ಕೆ. ಮತ್ತೆ ಬಂದ್ರು, ಮತ್ತೆ ಅದೇ. ಆಮೇಲಾಮೇಲೆ ನಗು ಬರಲಿಲ್ಲ. ಅವರು ಬರೋದು ಕಂಡ್ರೆ ಒಳಗೆ ಹೋಗಿ ಕೂತ್ಕೋತಾ ಇದ್ದೆ. ಹೊರಗೆ ಯಾರೂ ಇಲ್ಲದಿದ್ರೂ ಅಂಗಡಿಗೆ ಹೇಳಿ ಹೋಗ್ತಾ ಇದ್ರು."

ಒಬ್ಬನಾದರೂ ಕೈ ಹಿಡಿದು ಕೂರಿಸಬಾರದಿತ್ತೇ ಎಂದು ನನಗೆ ಸಿಟ್ಟು ಬರುತ್ತದೆ. ಆದರೆ ಎಲ್ಲಿಗೆ ಹೋಗುತ್ತಿದ್ದೇನೆಂದು ಗೊತ್ತಿರುವವನಂತೆ ನಡೆಯುವ ಮನುಷ್ಯನನ್ನು ಯಾರು ತಡೆಯುತ್ತಾರೆ? ಹೆತ್ತ ಮಗಳೇ ಸೇತುವೆಯ ಮೇಲೆ ಅವನನ್ನು ನೋಡಿ, ಗಟ್ಟಿಗ ಎಂದುಕೊಂಡು ಹೋದಳಲ್ಲ. ಅದು ಅವಳಿಗೆ ಹೊಳೆದದ್ದು ಆ ಕ್ಷಣದಲ್ಲಿ. ಕೈಯಲ್ಲಿ ಹಿಡಿದ ಚಪ್ಪಲಿ ಕಣ್ಣ ಮುಂದೆ ಬಂತು.

ಅಷ್ಟರಲ್ಲಿ ತನ್ನ ಮನೆ ಮುಟ್ಟಿದ್ದ ಅಕ್ಕ ಫೋನ್ ಮಾಡಿ ಅಳುತ್ತಿದ್ದಳು. "ನಾನು ನಿನ್ನ ಮನೆಗೆ ಬರ್ತೀನಿ, ನೀನು ನನ್ನ ಮನೆ ಕಡೆ ಹೋಗಿ ನೋಡು."

"ಬೇಡ ಅಕ್ಕ. ನಾವೂ ಸುತ್ತೋಕೆ ಶುರು ಮಾಡಿದ್ರೆ ಅವನು ಸಿಗೋದೇ ಇಲ್ಲ. ನೀನು ನಿನ್ನ ಬಾಗಿಲಲ್ಲಿ ನಿಲ್ಲು. ನಾನು ನನ್ನ ಬಾಗಿಲಲ್ಲಿ ನಿಲ್ತೀನಿ. ಕದಲಬೇಡ."

ನಿಲ್ಲುವುದು ಅಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ. ಸಂಜೆಯ ಬಿಸಿಲು ಬೀದಿಗೆ ಅಡ್ಡಲಾಗಿ ಬಿದ್ದಿತ್ತು. ಪ್ಯಾಕೆಟ್ಟಿನ ಆಯಸ್ಸು ನೆನಪಾಗುತ್ತಿತ್ತು, ಅದನ್ನು ತಲೆಯಿಂದ ಕೊಡವಿಕೊಳ್ಳುತ್ತಿದ್ದಳು. ಎಪ್ಪತ್ತು ದಾಟಿದ ಕಾಲು ಆ ಸೇತುವೆಯನ್ನು ಎಷ್ಟು ಸಲ ಹತ್ತಿ ಇಳಿಯಬಲ್ಲದು? ಬೀದಿಯಿಂದ ಕಣ್ಣು ಕೀಳಲಾರದೆ ಬೀಗ ತೆಗೆಯಲಿಲ್ಲ, ಬೋರ್ಡು ಮುಟ್ಟಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಅಕ್ಕ ಕದಲಲಿಲ್ಲ. ಇವಳೂ ಕದಲಲಿಲ್ಲ. ಕೊನೆಗೆ ಬೀದಿಯ ತುದಿಯಲ್ಲಿ ಅಪ್ಪ ಕಾಣಿಸಿಕೊಂಡ.

ಈಗ ಅವನು ಬಿರಬಿರನೆ ನಡೆಯುತ್ತಿರಲಿಲ್ಲ. ಕ್ಷೌರದ ಅಂಗಡಿಯ ಮುಂದೆ ನಿಂತು ತಲೆಯೆತ್ತಿ ಏನೋ ಹೇಳಿದ. ಆಮೇಲೆ ಗೋಡೆ ಹಿಡಿದು ಹಿಡಿದು ಬಂದ. ಬರಿಗಾಲಿನ ಹಿಮ್ಮಡಿಯಿಂದ ರಕ್ತ ಬಂದು ಒಣಗಿತ್ತು, ತುಟಿ ಬಿಳಿಚಿತ್ತು. ಗೇಟು ತೆಗೆದು, ಅವಳ ಎದುರಿಗೇ ಬಂದು ನಿಂತ. ಅವಳ ಭುಜದ ಪಕ್ಕದಿಂದ ಬಗ್ಗಿ, ಕಣ್ಣು ಕಿರಿದು ಮಾಡಿ, ಹಿಂದಿದ್ದ ಬೋರ್ಡನ್ನು ಪೂರ್ತಿ ಓದಿದ. ಓದಿ ತಿರುಗಿದ.

"ಅಪ್ಪ" ಅಂದಳು ಅವಳು.

ಅವನು ನಿಂತು ಅವಳನ್ನು ನೋಡಿದ. ಬೀದಿಯಲ್ಲಿ ಸಿಕ್ಕ ಗುರುತಿಲ್ಲದ ಹೆಂಗಸಿಗೆ ತೋರುವ ಮರ್ಯಾದೆ ಆ ಮುಖದಲ್ಲಿತ್ತು.

"ಇಲ್ಲಿ ಯಾರೂ ಇಲ್ಲವಂತಮ್ಮ" ಅಂದ.

"ನಾನಿದ್ದೀನಲ್ಲಪ್ಪ. ನೋಡು, ನಾನು."

"ಬೋರ್ಡು ಹಾಕಿದ್ದಾರೆ. ನೀವೂ ಕಾಯಬೇಡಿ, ಬಿಸಿಲು." ಎರಡು ಹೆಜ್ಜೆ ಇಟ್ಟವನು ಮತ್ತೆ ತಿರುಗಿ, ಸ್ವಲ್ಪ ಸಂಕೋಚದಿಂದ ಸೇರಿಸಿದ. "ಅಕ್ಷರ ನನ್ನದೇ."

ಅವಳು ಅವನ ಕೈ ಹಿಡಿದಳು. ಅವನು ಹೆದರಿ ಮೆಲ್ಲಗೆ ಬಿಡಿಸಿಕೊಂಡ. ಎಳೆದು ಒಳಗೆ ಕೂಡಿಹಾಕಿದರೆ ಆ ಹೆದರಿಕೆ ಅವನ ಕಣ್ಣಿನಿಂದ ಎಂದೂ ಹೋಗುವುದಿಲ್ಲವೆಂದು ಅವಳಿಗೆ ಅನ್ನಿಸಿತು. ಅವಳು ಹಿಂದಕ್ಕೆ ಕೈ ಚಾಚಿ, ಬೋರ್ಡನ್ನು ಮೊಳೆಯಿಂದ ತೆಗೆದು, ಹಿಂದುಮುಂದು ಮಾಡಿ ಅವನ ಮುಂದೆ ಹಿಡಿದಳು. ಹಿಂಬದಿಯಲ್ಲಿ ಬರೀ ಮರ.

ಅಪ್ಪ ನಿಂತ. ಏನೂ ಬರೆಯದ ಹಲಗೆಯನ್ನು ಹೆಬ್ಬೆರಳಿನಿಂದ ಸವರಿ ನೋಡಿದ. "ಇನ್ನೂ ಬರೆದಿಲ್ಲ" ಅಂದ.

"ಇಲ್ಲ. ನೀವೇ ಬರೆದುಕೊಡಬೇಕು."

ಅಪ್ಪನನ್ನು ಅವಳು ಬಹುವಚನದಲ್ಲಿ ಕರೆದದ್ದು ಹುಟ್ಟಿದ ಮೇಲೆ ಅದೇ ಮೊದಲು. ಅವನು ತಲೆಯಾಡಿಸಿದ. ಅವಳು ಬೀಗ ತೆಗೆದಳು. ಕೆಲಸವಿದೆಯೆಂದು ಅವನು ಬಾಗಿಲು ದಾಟಿ ಒಳಗೆ ಬಂದ.

ನೀರು ಕುಡಿಸಿದಳು, ಕಾಲು ತೊಳೆದಳು. ಗಿರಾಕಿಯ ಮನೆಯವರು ತನ್ನ ಕಾಲು ಮುಟ್ಟುತ್ತಾರಲ್ಲ ಎಂದು ಅವನು ಕಾಲು ಹಿಂದೆಳೆದುಕೊಳ್ಳುತ್ತಿದ್ದ. ಕುಂಚಗಳ ಡಬ್ಬಿ ತಂದು ಮುಂದಿಟ್ಟಾಗ ಸಮಾಧಾನವಾಯಿತು. ಫೋನು ಅದರಲ್ಲೇ ಇತ್ತು. ಅಕ್ಕತಂಗಿಯರು ಮಾಡಿದ ಕರೆಗಳೆಲ್ಲ ಅದರೊಳಗೇ ಸದ್ದಿಲ್ಲದೆ ಸೇರಿಕೊಂಡಿದ್ದವು.

"ಏನಂತ ಬರೀಲಿ?"

"ಇಲ್ಲೇ ಇರಿ, ಅಂತ."

"ಅಷ್ಟೇನಾ? ಯಾರಿಗೆ ಇದು?"

"ನಮ್ಮಪ್ಪನಿಗೆ" ಅಂದಳು. "ಅವರಿಗೆ ಮರೆವು. ಬಾಗಿಲ ತನಕ ಬಂದು, ತಿರುಗಿ ಹೊರಟುಹೋಗ್ತಾರೆ."

"ಪಾಪ" ಅಂದ ಅಪ್ಪ. ಕುಂಚ ಅದ್ದಿದ. ಬೀದಿಯಲ್ಲಿ ಗೋಡೆ ಹಿಡಿದು ಬಂದ ಕೈ ಹಲಗೆಯ ಮೇಲೆ ತಪ್ಪಲಿಲ್ಲ. ಕೆಂಪು ಅಕ್ಷರ, ಹಳದಿ ನೆರಳು. ಅಕ್ಕ ಏದುಸಿರು ಬಿಡುತ್ತಾ ಬಂದು ಬಾಗಿಲಲ್ಲಿ ನಿಂತಾಗ ಅವನು ಎದ್ದು ಅವಳಿಗೂ ನಮಸ್ಕಾರ ಮಾಡಿದ. ಅಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದು ಅಡುಗೆಮನೆಗೆ ಹೋಗಿ ಕೂತಳು.

ಅಂದಿನಿಂದ ದಾರಿಯಮ್ಮ ಪ್ರತಿ ಸೋಮವಾರ ಲ್ಯಾಬಿನ ಲೈನು ಕಿತ್ತು ನೋಡುತ್ತಾಳೆ, ಡಾಕ್ಟರು ಏನಾದರೂ ಅನ್ನಲಿ. ಅಕ್ಕತಂಗಿಯರು ಬೆಳಿಗ್ಗೆ ಫೋನ್ ಮಾಡಿ "ಇವತ್ತು ನೀನಾ ನಾನಾ?" ಎಂದು ಕೇಳಿಕೊಳ್ಳದೆ ಮುಖ ಕೂಡ ತೊಳೆಯುವುದಿಲ್ಲ. ಅಕ್ಕನ ಬಾಗಿಲಿಗೂ ಅದೇ ಮಾತಿನ ಇನ್ನೊಂದು ಬೋರ್ಡು ಬಂದಿದೆ. ಅಪ್ಪ ಈಗ ಒಬ್ಬನೇ ಬೀದಿಗೆ ಹೋಗುವುದಿಲ್ಲ. ಅವನಿಗೆ ಬೀಗ ಹಾಕಬೇಕಾಗಿಲ್ಲ. ಬೋರ್ಡು ಹೇಳಿದಂತೆ ಇರುತ್ತಾನೆ. ಮಗಳ ಗುರುತು ಮಾತ್ರ ಆ ದಿನ ಸೇತುವೆಯ ಮೇಲೆ ಎಲ್ಲಿ ಬಿದ್ದುಹೋಯಿತೋ, ತಿರುಗಿ ಬರಲಿಲ್ಲ. ಬೋರ್ಡು ಬರೆಸಿದ ಮನೆಯ ಹೆಂಗಸು, ಒಳ್ಳೆಯವಳು, ಊಟ ಹಾಕುತ್ತಾಳೆ ಎಂದಷ್ಟೇ ಅವನಿಗೆ ಗೊತ್ತು.

ಸಂಜೆಯಾದರೆ ಬೋರ್ಡಿನ ಕೆಳಗೆ ಮೆಟ್ಟಿಲ ಮೇಲೆ ಕೂರುತ್ತಾನೆ. ಅವಳು ಕೆಲಸ ಮುಗಿಸಿ ಬಂದು, ಚೀಲ ಇಳಿಸಿ, ಪಕ್ಕದಲ್ಲಿ ಕೂರುತ್ತಾಳೆ. ಅವನು ಬೀದಿಯ ತುದಿಯನ್ನೇ ನೋಡುತ್ತಿರುತ್ತಾನೆ.

"ನಿಮ್ಮಪ್ಪ ಇನ್ನೂ ಬರಲಿಲ್ಲವಲ್ಲಮ್ಮ" ಅನ್ನುತ್ತಾನೆ. "ಕತ್ತಲಾಗ್ತಾ ಬಂತು."

"ಬರ್ತಾರೆ" ಅನ್ನುತ್ತಾಳೆ ಅವಳು. "ನೀವು ಇಲ್ಲೇ ಇರಿ."